ಫೋಟೋದಷ್ಟು ಕೂದಲು

ಪರಶುರಾಮನಿಗೆ ಊರು ಇಟ್ಟಿರುವ ಹೆಸರು ಲಂಡನ್. ಅವನು ಲಂಡನ್ನಿಗೆ ಹೋಗಿ ಬಂದವನಲ್ಲ. ಹೋಗುತ್ತೇನೆಂದು ಹೇಳಿ ಇಲ್ಲೇ ಉಳಿದವನು, ಅದಕ್ಕೇ ಆ ಹೆಸರು. ಅವನ ಹೆಂಡತಿ ಅರ್ಪಿತಾ ಇಂಗ್ಲೆಂಡಿನಲ್ಲಿದ್ದಾಳೆ. ಅದೂ ಲಂಡನ್ ಅಲ್ಲ, ಉತ್ತರದ ಕಡೆಯ ಯಾವುದೋ ಸಣ್ಣ ಊರು. ಸವಳಂಗದ ಸರ್ಕಲ್ಲಿನಲ್ಲಿ ನ್ಯಾಮತಿ ಬಸ್ಸಿಗೆ ಕಾಯುವವರಿಗೆ ಅಷ್ಟೆಲ್ಲ ವಿವರ ಯಾಕೆ ಬೇಕು? ಬೆಳಗ್ಗೆ ಅವನು ಗ್ಯಾರೇಜಿನ ಕಟ್ಟೆಯ ಮೇಲೆ ಕೂತು, ಮಗಳನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಜಡೆ ಹಾಕುತ್ತಿದ್ದರೆ, ನಮ್ಮನೆಯಾಕಿಗೂ ಒಂದು ಜಡೆ ಹಾಕಪ್ಪ ಲಂಡನ್ ಎಂದು ಯಾರಾದರೊಬ್ಬರು ಅಂದೇ ಅನ್ನುತ್ತಾರೆ. ಅವನು ತಲೆ ಎತ್ತುವುದಿಲ್ಲ.

ನಾನು ತಿಪ್ಪೇಶಪ್ಪ. ಆ ಗ್ಯಾರೇಜಿನ ಪಕ್ಕದ ಮಳಿಗೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಹುಟ್ಟಿದ್ದು ಜಗಳೂರು ಕಡೆ, ಹೆಣ್ಣು ಕೊಟ್ಟ ಊರಿಗೆ ಬಂದು ಇಲ್ಲೇ ನೆಲೆ ನಿಂತೆ. ನನ್ನ ನಾಲಿಗೆ ಖಾರ ಎಂದು ಗಿರಾಕಿಗಳು ಹೇಳುತ್ತಾರೆ. ಪರಶುರಾಮನ ಕಥೆ ಹೇಳುವಾಗಲಂತೂ ಅದನ್ನು ಕಡಿಮೆ ಮಾಡುವ ಮನಸ್ಸು ನನಗಿಲ್ಲ.

ಅವನ ಅಪ್ಪ ಹನುಮಣ್ಣ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಲೇ ಕಣ್ಣು ಮುಚ್ಚಿದ. ಮಗನೂ ಅದೇ ಹೊಲಕ್ಕೆ ಹೋಗಬಾರದೆಂದು ತಾಯಿ ಗಿಡ್ಡಮ್ಮ ಅವನನ್ನು ಹೊನ್ನಾಳಿಯ ಒಬ್ಬ ಉಸ್ತಾದರ ಬೈಕ್ ಗ್ಯಾರೇಜಿಗೆ ಬಿಟ್ಟುಬಂದಳು. ಹುಡುಗ ಚುರುಕಾಗಿದ್ದ. ಗಾಡಿ ಸರ್ಕಲ್ ದಾಟುವ ಮುಂಚೆಯೇ ಅದರ ಸದ್ದು ಕೇಳಿ ಕಾಯಿಲೆ ಏನೆಂದು ಹೇಳುತ್ತಿದ್ದ. ಆದರೆ ಕಲಿಯುವ ಕಾಲದಲ್ಲೇ ಒಂದು ಪೆಟ್ಟು ತಿಂದ. ಯಾರೋ ಗಿರಾಕಿ ಕೇಳಿದನೆಂದು ಕಪ್ಪು ಬೈಕಿಗೆ ಚೆಂದವಾಗಿ ಕೆಂಪು ಬಣ್ಣ ಹೊಡೆದುಕೊಟ್ಟ. ಆರ್‌ಸಿಯಲ್ಲಿ ಬಣ್ಣ ಕಪ್ಪು ಎಂದೇ ಇತ್ತು. ಪೊಲೀಸರು ಹಿಡಿದರು, ಕದ್ದ ಗಾಡಿಯೆಂದರು. ಅದು ಸ್ಟೇಷನ್ ಮುಂದೆ ಮಳೆ ಬಿಸಿಲಿಗೆ ನಿಂತು ತುಕ್ಕು ಹಿಡಿಯಿತು. ಗಾಡಿಯವನು ಬಂದು ಇವನ ಹಣೆಬರಹವನ್ನೆಲ್ಲ ಬೈದುಹೋದ. ಅವತ್ತಿನಿಂದ ಪರಶುರಾಮ ಯಾವ ಗಾಡಿ ಮುಟ್ಟುವ ಮುಂಚೆಯೂ ಕಾಗದ ಕೇಳುತ್ತಿದ್ದ. ಬಣ್ಣ, ಚಾಸಿ ನಂಬರ್, ಎಂಜಿನ್ ನಂಬರ್ ಎಲ್ಲ ತಾಳೆ ಆದ ಮೇಲೇ ಸ್ಪ್ಯಾನರ್ ಹಿಡಿಯುತ್ತಿದ್ದ. ಸವಳಂಗದಲ್ಲಿ ಸ್ವಂತ ಗ್ಯಾರೇಜು ಮಾಡಿದ ಮೇಲೂ ಈ ಪದ್ಧತಿ ಬಿಡಲಿಲ್ಲ. ಅದು ಅವನನ್ನು ಹಲವು ಸಲ ಕಾಪಾಡಿದೆ, ಅದನ್ನೂ ಹೇಳಬೇಕು.

ಅರ್ಪಿತಾ ಕೆರೆಬಿಳಚಿಯ ಹುಡುಗಿ, ಬಿ.ಎ. ಮಾಡಿದವಳು. ಮದುವೆಯಾದ ಮೇಲೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ವಯಸ್ಸಾದ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಆಗ ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳಲು ಜನ ಸಾಲದೆ ಹೊರಗಿನವರನ್ನು ಕರೆಯುತ್ತಿದ್ದರು. ಗಂಡ, ಮಕ್ಕಳನ್ನು ಜೊತೆಗೇ ಕರೆದೊಯ್ಯಬಹುದಿತ್ತು. ಐದು ವರ್ಷ ದುಡಿದರೆ ಅಲ್ಲೇ ಕಾಯಂ ಇರಲು ಅರ್ಜಿ ಹಾಕಬಹುದಿತ್ತು. ಇವಳು ಇಂಗ್ಲಿಷ್ ಪರೀಕ್ಷೆ ಕಟ್ಟಿ ಪಾಸಾದಳು. ಇಪ್ಪತ್ತಮೂರನೇ ಇಸವಿಯ ಕೊನೆಗೆ ಅಲ್ಲಿನ ಒಂದು ವೃದ್ಧಾಶ್ರಮದಿಂದ ಕೆಲಸದ ಕಾಗದ ಬಂತು. ಮೂವರ ಪಾಸ್‌ಪೋರ್ಟೂ ಸಿದ್ಧವಿತ್ತು. ಮಗಳು ದುರ್ಗಾಂಬಿಕಾ, ನಾವೆಲ್ಲ ಅಂಬಿ ಎನ್ನುವುದು, ಪಾಸ್‌ಪೋರ್ಟಿನ ಫೋಟೋದಲ್ಲಿ ಕಿವಿಯ ಮೇಲೆ ಎರಡು ಪುಟ್ಟ ಜುಟ್ಟು ಕಟ್ಟಿಸಿಕೊಂಡು ಸಿಟ್ಟಿನಿಂದ ನೋಡುತ್ತಿದ್ದಳು. ಚಳಿ ದೇಶವೆಂದು ನಾನೇ ಅವಳಿಗೊಂದು ಉಣ್ಣೆ ಕೋಟು ಹೊಲಿದುಕೊಟ್ಟೆ. ಬೆಳೆಯುವ ಮಗು, ಮುಂದೆ ಬಿಡಿಸಿಕೊಳ್ಳಲಿ ಎಂದು ಒಳಗೆ ಬಟ್ಟೆ ಜಾಸ್ತಿ ಮಡಿಸಿ ಹೊಲಿದೆ.

ಪರಶುರಾಮ ಗ್ಯಾರೇಜನ್ನು ಸಿದ್ದೇಶನಿಗೆ ವಹಿಸಿಕೊಟ್ಟ. ಸಿದ್ದೇಶ ಅವನ ಕೈಕೆಳಗೇ ಕೆಲಸ ಕಲಿತವನು. ಸ್ಪ್ಯಾನರ್ ಸೆಟ್ಟು, ಕಂಪ್ರೆಸರ್ರು, ಗೋಡೆಯ ಮೇಲಿನ ಕ್ಯಾಲೆಂಡರ್ ಸಮೇತ ಎಲ್ಲ ಕೊಟ್ಟುಬಿಟ್ಟ. ಹೋಗುವವನಿಗೆ ಅವೆಲ್ಲ ಯಾಕೆಂದು ನಾವೂ ಅಂದೆವು.

ಅಷ್ಟರಲ್ಲೇ ಆ ದೇಶದ ಸರ್ಕಾರ ಮಾತು ಬದಲಿಸಿತು. ಈ ಕೆಲಸಕ್ಕೆ ಬರುವವರು ಇನ್ನು ಸಂಸಾರ ತರುವಂತಿಲ್ಲ, ವಸಂತಕಾಲದಿಂದ ಜಾರಿ ಎಂದು ಸುದ್ದಿ ಬಂತು. ದಾವಣಗೆರೆಯ ಏಜೆಂಟ್ ಫೋನ್ ಮಾಡಿ, ಅದಕ್ಕೆ ಮುಂಚೆ ಮೂವರ ಅರ್ಜಿಯನ್ನೂ ಹಾಕಿಬಿಡಿ, ಹಾಕಿದವರಿಗೆ ಹಳೇ ಕಾನೂನೇ ಎಂದ. ಪರಶುರಾಮ ಸಿದ್ದೇಶನ ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದ. ವಸಂತ ಅಂದರೆ ಯುಗಾದಿಯಿಂದ. ಯುಗಾದಿ ಏಪ್ರಿಲ್ ಒಂಬತ್ತಕ್ಕೆ. ಬೇಕಾದಷ್ಟು ಸಮಯ ಇದೆ ಎಂದ. ಗ್ಯಾರೇಜಿನಲ್ಲಿ ಕೂತಿದ್ದ ನಾಲ್ಕು ಜನರೂ ಹೌದೆಂದರು. ಬೇವು ಬೆಲ್ಲ ತಿನ್ನದ ದೇಶಕ್ಕೆ ಯುಗಾದಿ ಎಲ್ಲಿಂದ ಬಂತೆಂದು ಒಬ್ಬನಿಗೂ ಹೊಳೆಯಲಿಲ್ಲ.

ಆ ಸಮಯವನ್ನು ತಿಂದದ್ದು ಜವಳ. ಅಂಬಿ ಆರು ತಿಂಗಳ ಕೂಸಾಗಿದ್ದಾಗ ಕಾಮಾಲೆಯಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿತ್ತು. ಆಗ ಗಿಡ್ಡಮ್ಮ, ಮಗು ಉಳಿದರೆ ಹುಟ್ಟುಗೂದಲು ನಿನಗೇ ಎಂದು ಅಂತರಘಟ್ಟಮ್ಮನಿಗೆ ಹರಕೆ ಹೊತ್ತಿದ್ದಳು. ಜವಳ ಬೆಸ ವರ್ಷದಲ್ಲೇ ಆಗಬೇಕು. ಮೊದಲ ವರ್ಷ ತಪ್ಪಿತ್ತು, ಈಗ ಮೂರನೆಯದು ನಡೆಯುತ್ತಿತ್ತು. ದೇವಿಗೆ ಕೊಡಬೇಕಾದ ಕೂದಲನ್ನು ತಲೆ ಮೇಲೆ ಹೊತ್ತುಕೊಂಡು ಮಗು ಸಮುದ್ರ ದಾಟುವುದಕ್ಕೆ ತಾನು ಬಿಡುವುದಿಲ್ಲ ಎಂದು ಗಿಡ್ಡಮ್ಮ ಅಡ್ಡ ಕೂತಳು. ಅರ್ಪಿತಾ ಸೊಸೆಯಾಗಿ ಎಷ್ಟು ವಾದಿಸಬಹುದೋ ಅಷ್ಟು ವಾದಿಸಿ ಒಪ್ಪಿಕೊಂಡಳು. ಒಂದು ದಿನದ ಕೆಲಸ, ಮುಗಿಸಿಬಿಡೋಣ ಎಂದಳು.

ಒಂದು ದಿನದಲ್ಲಿ ಮುಗಿಯುವುದಾಗಿರಲಿಲ್ಲ. ಜವಳಕ್ಕೆ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು. ಅಂಬಿಗಿರುವ ಒಬ್ಬನೇ ಸೋದರಮಾವ ಅರ್ಪಿತಾಳ ಅಣ್ಣ ಭೀಮೇಶ್. ಕೆರೆಬಿಳಚಿಯಲ್ಲಿ ವೈರಿಂಗ್ ಕೆಲಸ ಮಾಡುವ ಅವನು ಕೆಲವು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ದೇವರಿಗೆ ಹರಕೆ, ಬಲಿ, ಮುಡಿ ಯಾವುದೂ ಮಾಡುವುದಿಲ್ಲವೆಂದು ಜನರ ಎದುರು ನಿಂತು ಮಾತು ಕೊಟ್ಟವನು. ಬಾಯಿಮಾತಿನ ಆಸಾಮಿ ಅಲ್ಲ. ತನ್ನ ಮದುವೆಯಲ್ಲೂ ಪುರೋಹಿತನನ್ನು ಕರೆದಿರಲಿಲ್ಲ. ಜವಳದ ಮಾತು ತೆಗೆದ ಕೂಡಲೇ ಆಗುವುದಿಲ್ಲ ಎಂದ. ಬೇರೆಯವರ ತೊಡೆ ಆಗುವುದಿಲ್ಲವೆಂದು ಗಿಡ್ಡಮ್ಮ. ನಡುವೆ ಪರಶುರಾಮ ಸವಳಂಗದಿಂದ ಕೆರೆಬಿಳಚಿಗೆ, ಅಲ್ಲಿಂದ ಇಲ್ಲಿಗೆ ಬೈಕಿನಲ್ಲಿ ಓಡಾಡಿದ. ಜನವರಿ ಪೂರ್ತಿ ಹೀಗೇ ಹೋಯಿತು.

ಕೊನೆಗೆ ಒಪ್ಪಿದವನು ಭೀಮೇಶನೇ. ತಂಗಿ ಬಂದು ಅತ್ತಳೆಂದು ಒಪ್ಪಿದ. ಫೆಬ್ರವರಿಯ ಒಂದು ಮಂಗಳವಾರ ದೇವಸ್ಥಾನದ ಮುಂದೆ ಅಂಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿ ಹಿಡಿದಾಗ ಅವನ ಮುಖ ಸುಟ್ಟ ಹಾಗಿತ್ತು. ನಾನೂ ಹೋಗಿದ್ದೆ, ನೋಡಿದ್ದೇನೆ. ಕುಂಕುಮ ಇಡಲು ಬಂದವರಿಗೆ ಬೇಡವೆಂದು ಕೈ ಅಡ್ಡ ಹಿಡಿದ. ಊಟಕ್ಕೂ ನಿಲ್ಲಲಿಲ್ಲ. ಹೊರಡುವಾಗ ಪರಶುರಾಮನಿಗೆ ಒಂದೇ ಮಾತು ಹೇಳಿದ: "ಭಾವ, ಕೂಸು ಅವರವ್ವನ ಜೊತಿಗೆ ಹೋಗ್ಲಿ ಅಂತ ಮಾಡೀನಿ. ಇದನ್ನ ದಂಡ ಮಾಡಬ್ಯಾಡ್ರಿ."

ದಂಡ ಮಾಡಿದ. ಹೇಗೆಂದು ಹೇಳುತ್ತೇನೆ, ಕೇಳಿ.

ಮಾರನೇ ದಿನವೇ ದಾವಣಗೆರೆಗೆ ಹೋಗಿ ಅರ್ಜಿ ಹಾಕೋಣ ಎಂದಳು ಅರ್ಪಿತಾ. ಪರಶುರಾಮ ಮಗಳ ಬೋಳು ತಲೆಯನ್ನೊಮ್ಮೆ ನೋಡಿದ, ಪಾಸ್‌ಪೋರ್ಟಿನ ಫೋಟೋ ಒಮ್ಮೆ ನೋಡಿದ. ಅರ್ಜಿ ಹಾಕಿದ ಮೇಲೆ ಬೆಂಗಳೂರಿಗೆ ಕರೆಸುತ್ತಾರೆ, ಅಲ್ಲಿ ಮಗುವಿನ ಫೋಟೋ ಹೊಸದಾಗಿ ತೆಗೆಯುತ್ತಾರೆ. ಕಾಗದದಲ್ಲಿ ಎರಡು ಜುಟ್ಟಿನ ಹುಡುಗಿ, ಎದುರಿಗೆ ಬುರುಡೆ. ಕದ್ದ ಮಗು ಎಂದರೆ? ಬೇರೆಯವರ ಮಗುವನ್ನು ತಂದಿದ್ದೀರಿ ಎಂದರೆ? ಒಂದು ಸಲ ಇಲ್ಲವೆಂದು ಮುದ್ರೆ ಒತ್ತಿಬಿಟ್ಟರೆ ಮತ್ತೆ ಯಾರನ್ನು ಕೇಳುವುದು? ಆ ಕೆಂಪು ಬೈಕು ಹದಿನೈದು ವರ್ಷ ಆದ ಮೇಲೂ ಅವನ ತಲೆಯೊಳಗೆ ಸ್ಟೇಷನ್ ಮುಂದೆಯೇ ನಿಂತಿತ್ತು.

"ಕಾಗದದಾಗೆ ಒಂದು, ಗಾಡಿ ಒಂದು ಆದ್ರೆ ಹಿಡೀತಾರೆ," ಎಂದ. "ಹೆಣ್ಣುಮಗು ಅಂತ ಗೊತ್ತಾಗುವಷ್ಟು ಕೂದ್ಲು ಬರ್ಲಿ. ಯುಗಾದಿ ಒಳಗೆ ಹಾಕಿದ್ರೆ ಆತು."

ಅರ್ಪಿತಾ ಬೇಡವೆಂದಳು. ಜಗಳವಾಡಿದಳು, ಎರಡು ದಿನ ಮಾತು ಬಿಟ್ಟಳು. ಮಗು ಗಾಡಿಯಲ್ಲ ಎಂದು ಅವಳು ಕೂಗಿದ್ದು ನನ್ನ ಮಿಷನ್ನಿನ ಸದ್ದಿನ ಮೇಲೂ ಕೇಳಿಸಿತು. ಏಜೆಂಟನನ್ನು ಕೇಳಿದರೆ, ಬೇಗ ಹಾಕಿ ಎಂದೆನಲ್ಲ, ಕೂದಲಿನ ವಿಷಯ ನನಗೆ ಗೊತ್ತಿಲ್ಲ ಎಂದು ಫೋನ್ ಇಟ್ಟ. ಅಂಬಿಯೂ ತನ್ನ ತಲೆ ತಡವಿಕೊಂಡು ಅಳುತ್ತಿತ್ತು. ಅವಳನ್ನು ಸಮಾಧಾನ ಮಾಡಲು ಪರಶುರಾಮ, ಕೂದಲು ಫೋಟೋದಲ್ಲಿರುವಷ್ಟು ಬೆಳೆದ ಕೂಡಲೇ ವಿಮಾನ ಹತ್ತೋದು ಎಂದು ಹೇಳಿದ. ಮಗು ಅಳು ನಿಲ್ಲಿಸಿತು. ದಿನಾ ಕನ್ನಡಿ ಮುಂದೆ ಹೋಗಿ ನಿಲ್ಲತೊಡಗಿತು.

ಇಂಗ್ಲೆಂಡಿನವರ ವಸಂತ ಮಾರ್ಚ್ ಹನ್ನೊಂದಕ್ಕೆ ಬಂತು. ಅಂಬಿಯ ತಲೆಯ ಮೇಲೆ ಆಗಿನ್ನೂ ರಾಗಿ ಪೈರು ಮೊಳೆತ ಹಾಗೆ ಚೂರು ಕಪ್ಪು ಕಾಣುತ್ತಿತ್ತು. ಏಜೆಂಟ್ ಫೋನ್ ಮಾಡಿ, ಇವತ್ತಿನಿಂದ ನಿಮ್ಮ ಹೆಂಡತಿ ಒಬ್ಬರದೇ ಅರ್ಜಿ ಆಗುತ್ತೆ, ನಿಮ್ಮದೂ ಮಗುವಿನದೂ ಆಗಲ್ಲ ಎಂದ. ಪರಶುರಾಮ ನನ್ನ ಅಂಗಡಿಗೆ ಬಂದು ಕೂತ. ನಾನು ಬೈಯಬೇಕೆಂದಿದ್ದೆ, ಅವನ ಮುಖ ನೋಡಿ ನೀರು ಕೊಟ್ಟೆ.

ನನಗೆ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ ಎನ್ನುತ್ತೇನೆ. ಹರಕೆ ಹೊತ್ತ ಮುದುಕಿಯ ಮೇಲೆ, ಹಟ ಮಾಡಿದ ಮೆಕ್ಯಾನಿಕ್ಕಿನ ಮೇಲೆ. ಆದರೆ ಇವರದ್ದು ದಡ್ಡತನ, ಅಷ್ಟೆ. ತನ್ನ ತಂದೆತಾಯಿಯ ಮಲಮೂತ್ರ ತೊಳೆಯಲು ಬೇರೆ ದೇಶದ ಹೆಣ್ಣುಮಗಳನ್ನು ಕರೆದು, ನೀನು ಬಾ, ನಿನ್ನ ಮಗು ಬೇಡ ಎನ್ನುವುದಿದೆಯಲ್ಲ, ಅದಕ್ಕೆ ದಡ್ಡತನ ಎನ್ನುವುದಿಲ್ಲ. ಕೈ ಬೇಕು, ಅದರ ಜೊತೆಗಿರುವ ಮನುಷ್ಯಳು ಬೇಡ. ನಮ್ಮ ಕಡೆ ಕೂಲಿಯವಳು ಹೊಲಕ್ಕೆ ಕೂಸನ್ನು ಕಟ್ಟಿಕೊಂಡು ಬಂದರೆ ಗೌಡನೂ ಮರದ ಕೊಂಬೆಗೆ ಜೋಲಿ ಕಟ್ಟಿಕೋ ಎನ್ನುತ್ತಾನೆ.

ಅರ್ಪಿತಾ ಹೋಗಬಾರದಿತ್ತು ಎಂದು ಈಗ ಹೇಳುವವರು ಬಹಳ. ಆಗ ಅವರೇ ಹೋಗೆಂದವರು. ಐದು ವರ್ಷ ತಾನೇ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗುತ್ತೆ, ಅಲ್ಲಿ ಕಾಯಂ ಆದರೆ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಬಹುದು ಎಂದರು. ಗ್ಯಾರೇಜು ಕೊಟ್ಟಾಗಿತ್ತು, ಅವಳೂ ನರ್ಸಿಂಗ್ ಹೋಮಿನ ಕೆಲಸ ಬಿಟ್ಟಾಗಿತ್ತು. ಮೇ ತಿಂಗಳಲ್ಲಿ ಒಬ್ಬಳೇ ಹೊರಟಳು. ಅಂಬಿ ಬಸ್‌ಸ್ಟ್ಯಾಂಡಿನಲ್ಲಿ ಅಳಲಿಲ್ಲ. ನನ್ನ ಕೂದಲು ಇನ್ನೂ ಬಂದಿಲ್ಲವಲ್ಲ, ಅದಕ್ಕೆ ನಾನು ಆಮೇಲೆ ಬರುತ್ತೇನೆ ಎಂದು ತಾಯಿಗೆ ತಾನೇ ಸಮಾಧಾನ ಹೇಳಿ ಕಳಿಸಿತು.

ಅಲ್ಲಿಂದ ಮುಂದೆ ಪರಶುರಾಮ ಬದುಕುತ್ತಿರುವುದನ್ನು ಬದುಕು ಎನ್ನಲು ನನಗೆ ಬಾಯಿ ಬರುವುದಿಲ್ಲ. ತನ್ನದೇ ಗ್ಯಾರೇಜಿನಲ್ಲಿ ಈಗ ಸಿದ್ದೇಶನ ಕೈಕೆಳಗೆ ಕೆಲಸ. ಸಿದ್ದೇಶ ಒಳ್ಳೆಯವನು, ಇವತ್ತಿಗೂ ಅಣ್ಣಾ ಎಂದೇ ಕರೆಯುತ್ತಾನೆ. ಆದರೆ ಬೀಗದ ಕೈ ಅವನ ಜೇಬಿನಲ್ಲಿರುತ್ತದೆ. ಇನ್ನೇನು ಹೋಗುತ್ತೇವಲ್ಲ ಎಂದು ಪರಶುರಾಮ ಮಗಳನ್ನು ನ್ಯಾಮತಿಯ ಶಾಲೆಗೆ ಸೇರಿಸಲಿಲ್ಲ, ಅಂಗನವಾಡಿಯಲ್ಲೇ ಬಿಟ್ಟ. ಸೋರುವ ಮನೆಯ ಹಂಚು ಬದಲಿಸಲಿಲ್ಲ. ಮಗುವಿಗೆ ಬಟ್ಟೆ ಹೊಲಿಸುವಾಗಲೂ ಒಂದು ಜೊತೆ ಸಾಕು ಎನ್ನುತ್ತಿದ್ದ. ಜಡೆ ಹಾಕುವುದನ್ನು ಮಾತ್ರ ಕಲಿತ. ಮೊದಮೊದಲು ಕ್ಲಚ್ ವೈರ್ ಬಿಗಿದ ಹಾಗೆ ಬಿಗಿಯುತ್ತಿದ್ದ, ಮಗು ಕಿರುಚುತ್ತಿತ್ತು. ಈಗ ಊರ ಹೆಂಗಸರಿಗಿಂತ ನೀಟಾಗಿ ಹಾಕುತ್ತಾನೆ.

ಅರ್ಪಿತಾ ದಿನಾ ಫೋನ್ ಮಾಡುತ್ತಾಳೆ. ಬೆಳಗ್ಗೆ ಎದ್ದು ಅಲ್ಲಿನ ಒಬ್ಬ ಅಜ್ಜಿಯ ತಲೆ ಬಾಚುವುದೇ ಅವಳ ಮೊದಲ ಕೆಲಸವಂತೆ. ಆ ಅಜ್ಜಿಗೆ ಮರೆವು. ಇವಳನ್ನೇ ತನ್ನ ಮಗಳೆಂದು ತಿಳಿದು ಕೈ ಹಿಡಿದುಕೊಂಡು ಬಿಡುವುದಿಲ್ಲವಂತೆ. ಒಂದು ಸಲ ಪರಶುರಾಮ ಫೋನನ್ನು ನನ್ನ ಕೈಗೂ ಕೊಟ್ಟ. "ತಿಪ್ಪೇಶಣ್ಣ, ಯಾರದ್ದೋ ಅವ್ವಂಗೆ ಮಗಳಾಗೀನಿ, ನನ್ನ ಮಗಳಿಗೆ ಅವ್ವ ಆಗಾಕೆ ಆಗ್ಲಿಲ್ಲ," ಎಂದಳು. ಊಟ ಆಯಿತೇನಮ್ಮ ಎಂದು ಕೇಳಿದೆ.

ಇಷ್ಟರ ಮೇಲೂ ಐದು ವರ್ಷ ಎನ್ನುವುದೊಂದು ಕೈಯಲ್ಲಿತ್ತು. ಕಳೆದ ವರ್ಷ ಅದೂ ಜಾರಿತು. ಕಾಯಂ ಆಗಲು ಇನ್ನು ಹತ್ತು ವರ್ಷ ಮಾಡುತ್ತೇವೆ ಎಂದು ಆ ಸರ್ಕಾರ ಮೇ ತಿಂಗಳಲ್ಲಿ ಹೇಳಿತು. ಜುಲೈನಲ್ಲಿ ಈ ಕೆಲಸಕ್ಕೆ ಹೊರಗಿನಿಂದ ಹೊಸಬರನ್ನು ಕರೆಯುವುದನ್ನೇ ನಿಲ್ಲಿಸಿತು. ದೀಪಾವಳಿ ಕಳೆದ ಮೇಲೆ ಇನ್ನೊಂದು ಸುದ್ದಿ: ಇಂಥ ಕೆಲಸದವರಿಗೆ ಹದಿನೈದು ವರ್ಷ ಮಾಡುವ ಪ್ರಸ್ತಾಪ, ಈಗಾಗಲೇ ಅಲ್ಲಿರುವವರಿಗೂ ಅನ್ವಯಿಸಬಹುದು. ಇನ್ನೂ ಪ್ರಸ್ತಾಪವಂತೆ. ನಿನ್ನ ಕತ್ತು ಕುಯ್ಯುವ ಬಗ್ಗೆ ಯೋಚಿಸುತ್ತಿದ್ದೇವೆ, ಅಭಿಪ್ರಾಯ ತಿಳಿಸು ಎಂದ ಹಾಗೆ.

ಹದಿನೈದು ವರ್ಷ ಆಗುವ ಹೊತ್ತಿಗೆ ಅಂಬಿಗೆ ಹದಿನೆಂಟು ತುಂಬಿರುತ್ತದೆ. ಆಮೇಲೆ ಅವಳು ಕಾನೂನಿನ ಲೆಕ್ಕದಲ್ಲಿ ಮಗುವೇ ಅಲ್ಲ, ತಾಯಿಯ ಹೆಸರಿನಲ್ಲಿ ಹೋಗಲು ಬರುವುದಿಲ್ಲ. ಪರಶುರಾಮ ಇದನ್ನು ನನ್ನ ಎದುರು ಬೆರಳು ಮಡಿಸಿ ಎಣಿಸಿದ, ಬಿಚ್ಚಿ ಮತ್ತೆ ಎಣಿಸಿದ.

ಆ ಭಾನುವಾರ ಅರ್ಪಿತಾ ಫೋನಿನಲ್ಲಿ ಕೇಳಿಯೇಬಿಟ್ಟಳು. ಗ್ಯಾರೇಜಿನ ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕೂತಿದ್ದೆ.

"ಬಂದುಬಿಡ್ಲೇನ್ರೀ?"

ಅವನು, "ಬಂದ್ರೆ ಮತ್ತೆ ಹೋಗಾಕೆ ಬರಲ್ಲ. ಹೊಸಬ್ರನ್ನ ತಗಳ್ಳೋದು ನಿಲ್ಲಿಸ್ಯಾರೆ," ಎಂದ.

"ಅದು ನಂಗೆ ಗೊತ್ತೈತೆ. ಬರ್ಲೋ ಬ್ಯಾಡ್ವೋ ಹೇಳ್ರಿ."

"ನಿಮ್ಮಣ್ಣಂಗೆ ಏನಂತ ಹೇಳ್ಲಿ?" ಎಂದ ಇವನು. ಆ ಕಡೆ ಅವಳು ಫೋನ್ ಇಟ್ಟಳು.

ನನಗೆ ಮೈ ಉರಿಯಿತು. ಹೆಂಡತಿ ಬರುತ್ತೇನೆ ಎಂದರೆ ಬಾ ಎನ್ನಲು ಏನು ರೋಗ ಎಂದು ಕೇಳಿದೆ. ಅವನು ಹೇಳಿದ್ದು ಭೀಮೇಶನ ವಿಷಯ. ಜವಳದ ಸುದ್ದಿ ತಿಳಿದ ಮೇಲೆ ಕೆರೆಬಿಳಚಿಯಲ್ಲಿ ಅವನ ದೀಕ್ಷೆಯ ಜೊತೆಗಾರರು ಯಾರೂ ಬೈಯಲಿಲ್ಲವಂತೆ. ಅವನೇ ಭಾನುವಾರದ ಬುದ್ಧವಂದನೆಗೆ ಹೋಗುವುದನ್ನು ಬಿಟ್ಟ. ಕೊಟ್ಟ ಮಾತು ಮುರಿದವನು ಯಾವ ಮುಖ ಹೊತ್ತು ಅಲ್ಲಿ ಕೂರಲಿ ಎಂದನಂತೆ. ಸವಳಂಗಕ್ಕೂ ಬರುವುದಿಲ್ಲ. ಅರ್ಪಿತಾ ವಾಪಸ್ ಬಂದುಬಿಟ್ಟರೆ ಅದೆಲ್ಲ ದಂಡವೇ ಆಗಿಹೋಗುತ್ತದೆ ಎಂಬುದು ಇವನ ಸಂಕಟ. ಅವಳು ಅಲ್ಲಿರುವ ತನಕ, ಯಾವತ್ತೋ ಒಂದು ದಿನ ಮಗು ಹೋದೀತು, ಭೀಮೇಶನ ಮಾತು ಮುರಿದದ್ದಕ್ಕೆ ಬೆಲೆ ಬಂದೀತು ಎಂದು ಹಿಡಿದುಕೊಂಡು ಕೂತಿದ್ದ. ತನ್ನ ತಪ್ಪು ತಪ್ಪಲ್ಲ, ಬರೀ ತಡ ಎನ್ನುವ ಆಸೆ. ಗಿಡ್ಡಮ್ಮನೂ ಈಗ ಹರಕೆಯ ಸುದ್ದಿ ಎತ್ತುವುದಿಲ್ಲ. ದೇವಿಗೆ ದೀಪ ಹಚ್ಚುವಾಗ ಮೊಮ್ಮಗಳ ಕಡೆ ಬೆನ್ನು ಹಾಕಿ ನಿಲ್ಲುತ್ತಾಳೆ.

ಇದಾಗಿ ಎರಡು ತಿಂಗಳು. ಅರ್ಪಿತಾ ಮತ್ತೆ ಕೇಳಲಿಲ್ಲ, ಇವನೂ ಹೇಳಲಿಲ್ಲ. ಮೊನ್ನೆ ಸಂಕ್ರಾಂತಿ ಮುಗಿದ ವಾರ, ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಅಂಬಿ ಬಂತು. ಜಡೆ ತಾನೇ ಬಿಚ್ಚಿಕೊಂಡಿತ್ತು. ಕೂದಲು ಹೆಗಲು ದಾಟಿ ಬೆನ್ನ ಮೇಲೆ ಇಳಿದಿತ್ತು. ಕೈಯಲ್ಲಿ ಪಾಸ್‌ಪೋರ್ಟಿಗೆ ತೆಗೆಸಿದಾಗ ಮಿಕ್ಕಿದ್ದ ಒಂದು ಫೋಟೋ. ಟೇಪಿನಲ್ಲಿ ನನ್ನ ಕೂದಲು ಅಳತೆ ಮಾಡು ಅಜ್ಜ ಎಂದಿತು. ಆಟವೆಂದುಕೊಂಡು ಅಳತೆ ಮಾಡಿದೆ. ಫೋಟೋದಲ್ಲಿರುವುದನ್ನೂ ಅಳೆ ಎಂದಿತು. ಅದು ಕಿವಿಯ ತನಕ ಕಣವ್ವ, ಎಂದೋ ದಾಟಿಬಿಟ್ಟಿದ್ದೀಯ ಎಂದೆ.

"ಅದಕ್ಕೇ," ಎಂದಿತು ಮಗು. ಅದರ ಮುಖದಲ್ಲಿ ದೊಡ್ಡದೊಂದು ಗುಟ್ಟು ಕಂಡುಹಿಡಿದ ಗಾಂಭೀರ್ಯ. "ಫೋಟೋದಷ್ಟು ಆದಾಗ ಅಪ್ಪ ನೋಡ್ಲಿಲ್ಲ. ಈಗ ಜಾಸ್ತಿ ಆಗೈತೆ, ಅದಕ್ಕೇ ನಮ್ಮನ್ನ ಬಿಡ್ತಿಲ್ಲ. ಕಿವಿ ತನಕ ಕತ್ತರಿಸಿ ಸರಿ ಮಾಡಜ್ಜ. ಅಪ್ಪಂಗೆ ಹೇಳಬ್ಯಾಡ, ಪಾಪ ಅಳ್ತಾನೆ."

ನಾನು ಕತ್ತರಿಯನ್ನು ಬಟ್ಟೆಯ ಕೆಳಗೆ ತಳ್ಳಿದೆ. ಬಾಗಿಲಲ್ಲಿ ಪರಶುರಾಮ ನಿಂತಿದ್ದ. ಮಗಳನ್ನು ಹುಡುಕಿಕೊಂಡು ಬಂದವನು, ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು ಅವಳ ಕೈಯಿಂದ ಫೋಟೋ ತೆಗೆದುಕೊಂಡ, ಎಣ್ಣೆ ಮೆತ್ತಿದ ಹೆಬ್ಬೆರಳು ಅದರ ಮೇಲೆ ಗುರುತಾಗಿ ಮೂಡಿತು. ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತು ಫೋನ್ ತೆಗೆದ. ಅಲ್ಲಿ ಅವಳು ಆ ಅಜ್ಜಿಯ ತಲೆ ಬಾಚುವ ಹೊತ್ತು. ಆದರೂ ಎತ್ತಿದಳು.

"ಬಾ," ಎಂದ. ಅಷ್ಟೇ ಎಂದ.

ಅರ್ಪಿತಾ ಅತ್ತಳೋ ನಕ್ಕಳೋ ನನಗೆ ಕೇಳಿಸಲಿಲ್ಲ. ಅಂಬಿಗೆ ಮಾತ್ರ ಅರ್ಥವಾಗಲಿಲ್ಲ. ಬಾ ಎಂದದ್ದು ತನಗೇ ಎಂದುಕೊಂಡು ಅಪ್ಪನ ಮೊಣಕಾಲ ನಡುವೆ ಹೋಗಿ ನಿಂತು, ಜಡೆ ಹಾಕಿಸಿಕೊಳ್ಳಲು ಬೆನ್ನು ತಿರುಗಿಸಿತು. ಅವನು ಕೂದಲನ್ನು ಮೂರು ಪಾಲು ಮಾಡಿದ. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಯಾರೋ, ಲಂಡನ್, ಮಧ್ಯಾಹ್ನಾನೂ ಡ್ಯೂಟಿನಾ ಎಂದರು.